ಕಸದ ಕಂಪನಿ ಎನ್‌ಒಸಿ ಕೇಳಿದೆಯಾ? ಮೊದಲು ಒಂದು ಮಳೆಗಾಲ ಅಳೆಯಿರಿ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಘಟ್ಟದ ಕಡೆಯ ಒಂದು ಪಟ್ಟಣ ಪಂಚಾಯಿತಿಯ ಸದಸ್ಯೆ. ಊರಿನ ಜನಸಂಖ್ಯೆ ಸುಮಾರು 15 ಸಾವಿರ. ಊರಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿ, ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ, ಹಿಂದೆ ಜಂಬಿಟ್ಟಿಗೆ ಕಲ್ಲು ತೆಗೆದು ಬಿಟ್ಟ ಜಾಗವಿದೆ. ಅಲ್ಲಿ 40 ಎಕರೆಯಲ್ಲಿ ಖಾಸಗಿ ಕಂಪನಿಯೊಂದು ಲ್ಯಾಂಡ್‌ಫಿಲ್, ಅಂದರೆ ಕಸ ಹೂಳುವ ಜಾಗ ಮಾಡುತ್ತದಂತೆ. ದಿನಕ್ಕೆ 150 ಟನ್ ಕಸ. ನಮ್ಮ ಊರಿನ ಕಸವನ್ನು ಐದು ವರ್ಷ ಉಚಿತವಾಗಿ ತೆಗೆದುಕೊಳ್ಳುತ್ತೇವೆ, 30 ಜನರಿಗೆ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಮುಂದಿನ ಸಭೆಯಲ್ಲೇ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕಂತೆ. ಜಾಗದ ಕೆಳಗೆ ಹಳ್ಳ, ಅಡಿಕೆ ತೋಟಗಳಿವೆ. ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ನಮ್ಮ ಕಸಕ್ಕೂ ಒಂದು ದಾರಿ ಆಗಬೇಕಲ್ಲ ಅನ್ನುತ್ತಾರೆ. ಇದನ್ನು ಹೇಗೆ ತೂಗಿ ನೋಡಬೇಕು?

ಉತ್ತರ:

ಮೇಡಂ, ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಮುಂದಿನ ಸಭೆಯಲ್ಲಿ ಎನ್‌ಒಸಿ ಕೊಡಬೇಡಿ. ಹಾಗಂತ ಬರೀ "ಬೇಡ" ಎಂದು ಬರೆದು ಫೈಲ್ ಮುಚ್ಚಲೂ ಬೇಡಿ. "ಈ ಜಾಗದ ಅಂತರ್ಜಲ, ಹಳ್ಳ ಮತ್ತು ಸುತ್ತಲಿನ ಬಾವಿಗಳ ನೀರನ್ನು ಬೇಸಿಗೆಯಿಂದ ಮಳೆಗಾಲ ಮುಗಿಯುವ ತನಕ ಅಳೆದ ವರದಿ ಬಂದ ಮೇಲೆ ವಿಷಯವನ್ನು ಮತ್ತೆ ಸಭೆಗೆ ತರುವುದು" ಎಂದು ಠರಾವು ಮಾಡಿ. ಕಾರಣ ಹೇಳದ ನಿರಾಕರಣೆಯನ್ನು ಮೇಲಿನವರು ಸುಲಭವಾಗಿ ಬದಿಗೆ ಸರಿಸಬಹುದು. ಕಾರಣ ಬರೆದಿಟ್ಟ ಠರಾವನ್ನು ದಾಟುವುದು ಅಷ್ಟು ಸುಲಭ ಅಲ್ಲ. ಕಂಪನಿ ನೆಟ್ಟಗಿದ್ದರೆ ಈ ಅಂಕಿಗಳು ಅವರಿಗೂ ಬೇಕು. ಇಪ್ಪತ್ತು ಇಪ್ಪತ್ತೈದು ವರ್ಷ ನಡೆಸುವ ಕೆಲಸಕ್ಕೆ ಒಂದು ಮಳೆಗಾಲ ಕಾಯಲು ಆಗಲ್ಲ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಇನ್ನು ಅವರು ಕೊಟ್ಟ ಅಂಕಿಯನ್ನೇ ನೋಡೋಣ. ಸಣ್ಣ ಊರುಗಳಲ್ಲಿ ತಲೆಗೆ ದಿನಕ್ಕೆ 300ರಿಂದ 400 ಗ್ರಾಂ ಕಸ ಹಿಡಿಯುವುದು ರೂಢಿ. 15 ಸಾವಿರ ಜನಕ್ಕೆ ಅಬ್ಬಬ್ಬಾ ಅಂದರೆ ಆರು ಟನ್. ಐದು ಟನ್ ಅಂತಲೇ ಇಟ್ಟುಕೊಳ್ಳಿ. ಕಂಪನಿ ಕೇಳುತ್ತಿರುವುದು 150. ಉಳಿದ 145 ಟನ್ ಎಲ್ಲಿಂದ ಬರುತ್ತದೆ? ಶಿವಮೊಗ್ಗ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 3.22 ಲಕ್ಷ. ತಲೆಗೆ 450 ಗ್ರಾಂ ಹಾಕಿದರೆ ಇಡೀ ನಗರದ ಕಸ 145 ಟನ್ ಆಗುತ್ತದೆ. ಅಂದರೆ ನಿಮ್ಮ ಮುಂದಿರುವುದು ಊರಿನ ಕಸದ ಯೋಜನೆ ಅಲ್ಲ. ಒಂದು ದೊಡ್ಡ ನಗರದಷ್ಟು ಕಸವನ್ನು ಹೊರಗಿನಿಂದ ತಂದು ಹಾಕುವ ವ್ಯಾಪಾರ. ವ್ಯಾಪಾರ ಮಾಡುವುದು ತಪ್ಪಲ್ಲ. ಆದರೆ "ನಮ್ಮ ಕಸಕ್ಕೂ ಒಂದು ದಾರಿ ಆಗಬೇಕಲ್ಲ" ಅನ್ನುವ ಮಾತಿನ ಮೇಲೆ ಇದಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ಚರ್ಚಿಸಿ. ಯಾವ ಊರಿನ ಕಸ, ಎಂಥ ಕಸ, ಆ ಊರಿನ ಜೊತೆ ಒಪ್ಪಂದ ಆಗಿದೆಯಾ ಅನ್ನುವುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಈಗ ನೀರಿಗೆ ಬರುತ್ತೇನೆ. ನನ್ನ ಪ್ರಕಾರ ಎಲ್ಲ ನಿಂತಿರುವುದು ಇದರ ಮೇಲೆ.

ಬಿದ್ದ ಮಳೆ ಕಸದೊಳಗೆ ಇಳಿದು, ಕೊಳೆತದ್ದನ್ನೆಲ್ಲ ಕರಗಿಸಿಕೊಂಡು ಕಪ್ಪಗೆ ಹೊರಗೆ ಬರುತ್ತದೆ. ಇದಕ್ಕೆ ಲೀಚೇಟ್ ಅನ್ನುತ್ತಾರೆ. ಕಸದ ರಸ ಅನ್ನಿ. ಲ್ಯಾಂಡ್‌ಫಿಲ್ ಕಟ್ಟುವ ವಿದ್ಯೆಯೆಲ್ಲ ಈ ರಸವನ್ನು ಹಿಡಿದಿಡುವ ವಿದ್ಯೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆ ಅಂದರೆ 4,047 ಚದರ ಮೀಟರ್. ನಿಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಅಂದುಕೊಂಡರೆ ಒಂದೇ ಎಕರೆ ಮೇಲೆ 1 ಕೋಟಿ 21 ಲಕ್ಷ ಲೀಟರ್ ಬೀಳುತ್ತದೆ. ಆಗುಂಬೆಯಲ್ಲಾದರೆ 7,000 ಮಿಲಿಮೀಟರ್‌ಗೂ ಜಾಸ್ತಿ, ಅಲ್ಲಿಯ ಲೆಕ್ಕ ಇದರ ಎರಡು ಪಟ್ಟು ದಾಟುತ್ತದೆ. ವರ್ಷದ ಮಾತು ಬಿಡಿ. ಜುಲೈನಲ್ಲಿ ಒಂದೇ ದಿನ 200 ಮಿಲಿಮೀಟರ್ ಹೊಡೆಯುವುದು ನಿಮಗೇನೂ ಹೊಸದಲ್ಲ. ಆ ಒಂದು ದಿನ ಎಕರೆಗೆ ಎಂಟು ಲಕ್ಷ ಲೀಟರ್, ಹತ್ತು ಸಾವಿರ ಲೀಟರ್‌ನ ಟ್ಯಾಂಕರ್‌ನಲ್ಲಿ ತುಂಬಿದರೆ 80 ಟ್ಯಾಂಕರ್. ಕಸ ತೆರೆದುಕೊಂಡಿರುವ ಜಾಗದ ಮೇಲೆ ಬಿದ್ದ ಪ್ರತಿ ಹನಿಯನ್ನೂ ರಸ ಅಂತಲೇ ಲೆಕ್ಕ ಹಾಕಬೇಕು.

ಆದ್ದರಿಂದ ಕಂಪನಿಯವರಿಗೆ ಮೊದಲ ಪ್ರಶ್ನೆ: ಜೂನ್ ಒಂದನೇ ತಾರೀಕಿಗೆ ನಿಮ್ಮ ಕಸ ಎಷ್ಟು ಎಕರೆ ತೆರೆದಿರುತ್ತದೆ? ಎರಡನೆಯದು: ರಸದ ತೊಟ್ಟಿ ಎಷ್ಟು ಲಕ್ಷ ಲೀಟರ್ ಹಿಡಿಯುತ್ತದೆ? ಎರಡನ್ನೂ ಮೇಲಿನ ಲೆಕ್ಕದ ಪಕ್ಕ ಇಡಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಹೈಸ್ಕೂಲ್ ಗಣಿತ ಸಾಕು. ಬಯಲುಸೀಮೆಯಲ್ಲಿ ಕೆಲಸ ಮಾಡಿ ಬಂದ ಕಂಪನಿಗಳು ರಸವನ್ನು ಅಗಲವಾದ ತೊಟ್ಟಿಗಳಲ್ಲಿ ಬಿಸಿಲಿಗೆ ಒಣಗಿಸುತ್ತೇವೆ ಅನ್ನುತ್ತವೆ. ಅಲ್ಲಿ ಅದು ನಡೆಯಬಹುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ. ಮೇಲೆ ಸೂರು ಇಲ್ಲದಿದ್ದರೆ ಆ ತೊಟ್ಟಿಯೇ ಮಳೆ ನೀರು ತುಂಬಿಕೊಂಡು ಉಕ್ಕುತ್ತದೆ. ರಸವನ್ನು ಮತ್ತೆ ಕಸದ ಮೇಲೇ ಸಿಂಪಡಿಸುತ್ತೇವೆ ಅನ್ನುವ ಉತ್ತರವೂ ಬರಬಹುದು. ಮಳೆಗಾಲದಲ್ಲಿ ಅದನ್ನು ಮಾಡಲೇಬಾರದು. ನೀರು ಕುಡಿದ ಕಸದ ಗುಡ್ಡ ಜಾರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ರಾಶಿ ಜಾರಿ ಕೆಳಗಿನ ಮಂದಾರಕ್ಕೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೋದವು. ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಲ್ಲಿಯದೂ ನಿಮ್ಮಂಥದ್ದೇ ನೆಲ, ನಿಮ್ಮಂಥದ್ದೇ ಮಳೆ: ಮೇಲೆ ಜಂಬಿಟ್ಟಿಗೆ ಗುಡ್ಡ, ಕೆಳಗೆ ತೋಟ. ನಿಮ್ಮ ಪಂಚಾಯಿತಿಯ ನಾಲ್ಕು ಜನ ಒಮ್ಮೆ ಅಲ್ಲಿಗೆ ಹೋಗಿ, ಅಲ್ಲಿನವರ ಜೊತೆ ಮಾತಾಡಿ ಬನ್ನಿ.

ಮಳೆಯ ವಿಷಯದಲ್ಲಿ ಇನ್ನೂ ಒಂದನ್ನು ನೋಡಬೇಕು. ಕಂಪನಿಯ ವರದಿಯಲ್ಲಿ ಮಳೆಯ ಅಂಕಿ ಇರುವ ಪುಟ ತೆಗೆಯಿರಿ. ಯಾವ ಊರಿನ ಮಳೆಮಾಪಕ ಅಂತ ನೋಡಿ. ಜಿಲ್ಲಾ ಕೇಂದ್ರದ ಅಂಕಿ ಎತ್ತಿ ಹಾಕುವುದು ಸಾಮಾನ್ಯ. ಶಿವಮೊಗ್ಗ ನಗರದ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ನಿಮ್ಮಲ್ಲಿ ಅದರ ಮೂರು ಪಟ್ಟು. ಆ ಒಂದು ಅಂಕಿ ತಪ್ಪಿದರೆ ತೊಟ್ಟಿ, ಚರಂಡಿ, ಪಂಪು ಎಲ್ಲವೂ ಮೂರನೇ ಒಂದು ಅಳತೆಗೆ ಕಟ್ಟಿಕೊಳ್ಳುತ್ತವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಜಾಗಕ್ಕೆ ಹತ್ತಿರದ ಮಾಪಕದ ಅಂಕಿಯನ್ನೇ ಬಳಸಿ ಎಂದು ಪಟ್ಟು ಹಿಡಿಯಿರಿ. ನಿಮ್ಮ ಕಡೆಯ ಎಷ್ಟೋ ತೋಟಗಾರರು ಮನೆಯಂಗಳದಲ್ಲೇ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಆ ಪುಸ್ತಕಗಳಿಗೂ ಈಗ ಬೆಲೆ ಇದೆ.

ನೆಲದ ಒಳಗೆ ಏನಾಗುತ್ತದೆ ಅನ್ನುವುದು ಇನ್ನೂ ಮುಖ್ಯ. ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಮಳೆ ನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಸಾಮಾನ್ಯವಾಗಿ ಶೇಡಿ ಮಣ್ಣು. ಅಲ್ಲಿ ನೀರಿಗೆ ತಡೆ. ಇನ್ನು ಕೆಳಗೆ ಇಳಿಯಲಾಗದ ನೀರು ಶೇಡಿಯ ಮೇಲೆ ಅಡ್ಡಡ್ಡ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ನಿಮ್ಮ ತೋಟಗಳ ನೆತ್ತಿಯಲ್ಲಿರುವ ಕೆರೆ, ಮನೆಗೆ ಪೈಪಿನಲ್ಲಿ ಬರುವ ಅಬ್ಬಿ ನೀರು, ಎಲ್ಲದರ ಮೂಲ ಇದೇ. ಅಂದರೆ ಗುಡ್ಡದ ಮೇಲಿನ ಗುಂಡಿಗೂ ಕೆಳಗಿನ ಮನೆಯ ಹಂಡೆಗೂ ನೆಲದೊಳಗೇ ದಾರಿ ಇದೆ. ಆ ದಾರಿಯಲ್ಲಿ ನೀರು ಸೋಸಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಂಬಿಟ್ಟಿಗೆಯ ಕೊಳವೆಯಂಥ ತೂತುಗಳಲ್ಲಿ ನೀರು ಹರಿಯುತ್ತದೆ, ಸೋಸುವುದಿಲ್ಲ.

ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು (2026ರ ಏಪ್ರಿಲ್‌ನಿಂದ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) ಲ್ಯಾಂಡ್‌ಫಿಲ್ ತಳಕ್ಕೆ ಒಂದು ಕಟ್ಟುನಿಟ್ಟು ಹಾಕಿದ್ದವು. ಕೆಳಗೆ 90 ಸೆಂಟಿಮೀಟರ್ ದಪ್ಪದ, ನೀರು ಬಿಡದ ಜೇಡಿಮಣ್ಣು. ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅಂತರ್ಜಲ ಅತಿ ಮೇಲೆ ಬಂದಾಗಲೂ ಆ ಜೇಡಿ ಪದರಕ್ಕಿಂತ ಕನಿಷ್ಠ 2 ಮೀಟರ್ ಕೆಳಗಿರಬೇಕಿತ್ತು. "ಅತಿ ಮೇಲೆ ಬಂದಾಗ" ಅನ್ನುವುದನ್ನು ಗಮನಿಸಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಗ್ಗ ಸಾಲದ ಬಾವಿ ಜುಲೈ ಕೊನೆಗೆ ಬಗ್ಗಿ ಕೊಡ ಮುಳುಗಿಸುವಷ್ಟು ಮೇಲೆ ಬರುತ್ತದೆ. ಸಮೀಕ್ಷೆಯವರು ಬರುವುದು ಮಾತ್ರ ರಸ್ತೆ ಒಣಗಿರುವ ಬೇಸಿಗೆಯಲ್ಲಿ. ಅವರು ಬೋರ್ ಹೊಡೆದು "ನೀರು 12 ಮೀಟರ್ ಕೆಳಗಿದೆ" ಅಂತ ಬರೆದುಕೊಂಡರೆ ಅದು ಸುಳ್ಳಲ್ಲ. ಆದರೆ ನಿಮಗೆ ಬೇಕಾದ ಅಂಕಿ ಅದಲ್ಲ.

ಕಲ್ಲು ತೆಗೆದ ಜಾಗ ಇದಕ್ಕೆ ಇನ್ನೂ ಕಷ್ಟದ್ದು. ಮೇಲಿನ ಐದಾರು ಮೀಟರ್ ನೆಲ ಆಗಲೇ ಹೋಗಿದೆ. ಗುಂಡಿಯ ತಳ ಅಷ್ಟರಮಟ್ಟಿಗೆ ನೀರಿಗೆ ಹತ್ತಿರವಾಗಿದೆ. ಈ ಆಗಸ್ಟ್‌ನಲ್ಲಿ ಹೋಗಿ ನೋಡಿ. ಗುಂಡಿಯಲ್ಲಿ ನೀರು ನಿಂತಿರುತ್ತದಾ? ಮಳೆ ನಾಲ್ಕು ದಿನ ಬಿಡುವು ಕೊಟ್ಟರೂ ಇಳಿಯುವುದಿಲ್ವಾ? ಅದರ ಮಟ್ಟವೂ ಪಕ್ಕದ ಬಾವಿಗಳ ಮಟ್ಟವೂ ಒಂದೇ ಇದೆಯಾ? ಹಾಗಿದ್ದರೆ ಅದು ನಿಂತ ಮಳೆ ನೀರಲ್ಲ, ಅಂತರ್ಜಲವೇ. ಅಂಥ ಕಡೆ ಹಾಳೆ ಹಾಸಿದರೆ ಕೆಳಗಿನ ನೀರೇ ಅದನ್ನು ಮೇಲಕ್ಕೆ ಒತ್ತುತ್ತದೆ. ಗುಂಡಿಯ ಫೋಟೊವನ್ನು ತಾರೀಕಿನ ಸಮೇತ ವಾರಕ್ಕೊಮ್ಮೆ ತೆಗೆದಿಡಿ, ಪಕ್ಕದಲ್ಲಿ ಅಳತೆಪಟ್ಟಿ ಕಾಣುವ ಹಾಗೆ. ಆ ಫೋಟೊಗಳೊಂದಿಗೆ ಬಾವಿಯ ಅಳತೆಗಳನ್ನೂ ಜೋಡಿಸಿ ಕೊಟ್ಟರೆ ಯಾವ ಸಭೆಯಲ್ಲೂ ತಳ್ಳಿಹಾಕುವುದು ಕಷ್ಟ.

ಬಾವಿ ನೀರಿನ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದನ್ನು ಕಂಪನಿ ಬಂದರೂ ಬಾರದಿದ್ದರೂ ಮಾಡಿಸಿಡಿ. ಮಲೆನಾಡಿನ ಬಾವಿ ನೀರು ಸಹಜವಾಗಿ ಬಹಳ ಮೆದು. ಕರಗಿದ ಲವಣ, ಅಂದರೆ ಟಿಡಿಎಸ್, ಎಷ್ಟೋ ಕಡೆ ಲೀಟರಿಗೆ ನೂರು ಮಿಲಿಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಒಪ್ಪುವ ಮಿತಿ 500. ಲ್ಯಾಂಡ್‌ಫಿಲ್ ಬಂದ ಮೇಲೆ ಒಬ್ಬರ ಬಾವಿಯಲ್ಲಿ ಟಿಡಿಎಸ್ 80ರಿಂದ 350ಕ್ಕೆ ಏರಿತು ಅನ್ನಿ. ಪ್ರಯೋಗಾಲಯದ ವರದಿಯಲ್ಲಿ "ಮಿತಿಯೊಳಗಿದೆ" ಎಂದೇ ಬರುತ್ತದೆ. ಮೊದಲು 80 ಇತ್ತು ಅನ್ನುವ ಕಾಗದ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಮನೆಯವರ ಮಾತು ಯಾರೂ ಕೇಳುವುದಿಲ್ಲ. ಕಾಗದ ಇದ್ದರೆ, ಏನೋ ಇಳಿದು ಬರುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಕಸದ ರಸ ಬಂದಿದೆ ಅನ್ನುವುದನ್ನು ಮೊದಲು ತೋರಿಸುವವುಗಳಲ್ಲಿ ಕ್ಲೋರೈಡ್ ಒಂದು. ಅದು ಮಣ್ಣಿಗೆ ಅಂಟಿಕೊಳ್ಳದೆ ನೀರಿನ ಜೊತೆಗೇ ಸಾಗುತ್ತದೆ. ಅಮೋನಿಯಾ, ನೈಟ್ರೇಟ್, ಸಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ), ಸೀಸ, ಕ್ಯಾಡ್ಮಿಯಂ ಕೂಡ ನೋಡಿಸಿ. ಕಬ್ಬಿಣದ ಅಂಶ ಮರೆಯಬೇಡಿ. ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಮೊದಲೇ ಇರುತ್ತದೆ. ನಾಳೆ ನೀರು ಕೆಂಪಾದರೆ "ಅದು ನಿಮ್ಮ ನೆಲದ ಗುಣ" ಅನ್ನುವ ಉತ್ತರ ಬರುತ್ತದೆ. ಮೊದಲು ಎಷ್ಟಿತ್ತು ಅಂತ ಗೊತ್ತಿದ್ದರೆ ಆ ಉತ್ತರ ಅಲ್ಲೇ ನಿಲ್ಲುತ್ತದೆ.

ಮೇ ಕೊನೆಗೆ ಒಮ್ಮೆ, ಜುಲೈ-ಆಗಸ್ಟ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಮಾದರಿ ತೆಗೆಯಿಸಿ. ಜಾಗದ ಕೆಳಗಿನ ಬಾವಿಗಳು, ಅಬ್ಬಿಗಳು, ಹಳ್ಳದ ಎರಡು ಕಡೆ, ಜೊತೆಗೆ ಹೋಲಿಕೆಗೆ ಗುಡ್ಡದ ಆಚೆ ಬದಿಯ ಒಂದೆರಡು ಬಾವಿ. ಮಾನ್ಯತೆ ಇರುವ ಪ್ರಯೋಗಾಲಯವೇ ಆಗಬೇಕು. ಮಾದರಿ ತೆಗೆಯುವಾಗ ಮನೆಯವರು, ಪಂಚಾಯಿತಿಯವರು ಇಬ್ಬರೂ ಸಹಿ ಹಾಕಬೇಕು. ಖರ್ಚನ್ನು ಕಂಪನಿ ಕೊಡಲಿ, ಪ್ರಯೋಗಾಲಯವನ್ನು ನೀವು ಆರಿಸಿ. ನಡುನಡುವೆ ಟಿಡಿಎಸ್ ನೋಡಲು ಪೆನ್ನಿನಂಥ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೈಸ್ಕೂಲ್ ಮಕ್ಕಳ ಕೈಗೆ ಕೊಟ್ಟರೆ ತಿಂಗಳು ತಿಂಗಳು ಬರೆದಿಡುತ್ತಾರೆ.

ನಿಯಮದ ದೂರಗಳು ನಿಮಗೆ ಸಿಗುತ್ತವೆ, ಚುಟುಕಾಗಿ ಹೇಳುತ್ತೇನೆ. 2016ರ ನಿಯಮದಲ್ಲಿ ಲ್ಯಾಂಡ್‌ಫಿಲ್ ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಮನೆಗಳು ಮತ್ತು ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕಿತ್ತು. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್, ಹಕ್ಕಿಗಳ ಕಾಟಕ್ಕಾಗಿ. 2023ರಲ್ಲಿ ಸೋಗಾನೆಯಲ್ಲಿ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗದ ಸುತ್ತಲಿನ ಊರಿನವರು ಇದನ್ನೂ ನೋಡಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಬಂದ ದಿನ ಜಾರಿಯಲ್ಲಿರುವ ಪ್ರತಿಯನ್ನೇ ಇಟ್ಟುಕೊಂಡು ಮಾತಾಡಿ. ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಗುಡ್ಡಗಾಡಿನ ಊರುಗಳಿಗೆ 2016ರ ಆ ನಿಯಮಗಳಲ್ಲಿ ಬೇರೆಯೇ ಸೂಚನೆ ಇತ್ತು. ಗುಡ್ಡದ ಮೇಲೆ ಲ್ಯಾಂಡ್‌ಫಿಲ್ ಕಟ್ಟುವುದನ್ನು ತಪ್ಪಿಸಬೇಕು. ಉಳಿಕೆ ಕಸವನ್ನು ಮುಚ್ಚಿದ ಜಾಗದಲ್ಲಿ ಒಟ್ಟುಮಾಡಿ, 25 ಕಿಲೋಮೀಟರ್ ಒಳಗೆ ಕೆಳಗಿನ ಬಯಲಿನಲ್ಲಿ ಜಾಗ ನೋಡಬೇಕು. ಸಿಗದಿದ್ದರೆ ಹಲವು ಊರುಗಳು ಸೇರಿ ಒಂದು ಮಾಡಿಕೊಳ್ಳಬೇಕು. ನಿಮ್ಮ ಕಡೆ ಕಂಪನಿ ಹೊರಟಿರುವುದು ಇದಕ್ಕೆ ತೀರಾ ತಿರುಗುಮುರುಗು: ಬಯಲಿನ ಕಸವನ್ನು ಗುಡ್ಡಕ್ಕೆ ಹತ್ತಿಸುವುದು. ಈಗಿನ ನಿಯಮದಲ್ಲಿ ಇದು ಹೇಗಿದೆ ಅಂತ ನೋಡಿಕೊಂಡು, ಈ ಅಂಶವನ್ನು ಠರಾವಿನ ಮೊದಲ ಸಾಲಿನಲ್ಲೇ ಬರೆಯಿರಿ.

ಜಾಗದ ಕಾಗದವನ್ನೂ ತೆಗೆಸಿ. ಪಹಣಿಯಲ್ಲಿ ಏನಿದೆ? ಕಂಪನಿಯ ಹಿಡುವಳಿಯಾ, ಗೋಮಾಳವಾ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟವಾ, ಕಾನು ಅಂದರೆ ಕಾಡಾ? ಅನ್ಯಕ್ರಾಂತ, ಅಂದರೆ ಕೃಷಿಯೇತರ ಬಳಕೆಗೆ ಬದಲಾವಣೆ, ಆಗಿದೆಯಾ? ಡೀಮ್ಡ್ ಫಾರೆಸ್ಟ್ (ಅರಣ್ಯ ಎಂದು ಘೋಷಿಸದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ) ಪಟ್ಟಿಯಲ್ಲಿ ಇದೆಯಾ ಅಂತ ಅರಣ್ಯ ಇಲಾಖೆಗೆ ಬರೆದು ಕೇಳಿ. ಮಲೆನಾಡಿನಲ್ಲಿ ಎಷ್ಟೋ ಯೋಜನೆಗಳು ನೀರಿನ ಪ್ರಶ್ನೆಗೆ ಬರುವ ಮೊದಲೇ ಇಲ್ಲಿ ನಿಲ್ಲುತ್ತವೆ.

ತಳದ ಹಾಳೆಯ ಬಗ್ಗೆ ಕಂಪನಿಯವರು ಚಂದದ ಚಿತ್ರ ತೋರಿಸುತ್ತಾರೆ. ಹಾಳೆ ಒಳ್ಳೆಯದೇ. ಆದರೆ ಅದನ್ನು ಪಟ್ಟಿ ಪಟ್ಟಿಯಾಗಿ ತಂದು ಜಾಗದಲ್ಲೇ ಬಿಸಿಮಾಡಿ ಬೆಸೆಯುತ್ತಾರೆ. ಪ್ರತಿ ಬೆಸುಗೆಯ ನಡುವೆ ಒಂದು ಸಣ್ಣ ಗಾಳಿ ನಾಲೆ ಬಿಟ್ಟಿರುತ್ತಾರೆ. ಅದಕ್ಕೆ ಗಾಳಿ ತುಂಬಿ, ಒತ್ತಡ ಇಳಿಯದೆ ನಿಲ್ಲುತ್ತದಾ ಅಂತ ಪರೀಕ್ಷಿಸಬೇಕು. ಮಳೆಯಲ್ಲಿ, ಒದ್ದೆ ಹಾಳೆಯ ಮೇಲೆ ಬೆಸುಗೆ ಕೂರುವುದಿಲ್ಲ. ಇನ್ನೊಂದು ಅಪಾಯ ಬೆಸುಗೆ ಮುಗಿದ ಮೇಲೆ ಬರುತ್ತದೆ. ಹಾಳೆಯ ಮೇಲೆ ಜಲ್ಲಿ ಹರಡುವಾಗ ಜೆಸಿಬಿ ಹಲ್ಲು ತಾಗಿ, ಚೂಪು ಕಲ್ಲು ಚುಚ್ಚಿ ತೂತಾಗುತ್ತದೆ. ಹೆಚ್ಚಿನ ತೂತು ಆಗುವುದು ಆವಾಗಲೇ. ಜಲ್ಲಿ ಮುಚ್ಚಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಜಲ್ಲಿ ಹಾಕಿದ ನಂತರ ವಿದ್ಯುತ್ ಹಾಯಿಸಿ ತೂತು ಹುಡುಕುವ ವಿಧಾನ ಇದೆ. ಅದನ್ನು ಮಾಡಲೇಬೇಕು, ಮೂರನೆಯವರಿಂದ ಮಾಡಿಸಬೇಕು ಎಂದು ಷರತ್ತು ಹಾಕಿ. ಜೇಡಿಮಣ್ಣು ಎಲ್ಲಿಂದ ತರುತ್ತಾರೆ ಅಂತಲೂ ಕೇಳಿ. ಹತ್ತು ಎಕರೆ ತಳಕ್ಕೆ 90 ಸೆಂಟಿಮೀಟರ್ ಅಂದರೆ ಸುಮಾರು 36 ಸಾವಿರ ಘನ ಮೀಟರ್. ಜಂಬುಮಣ್ಣು ಅದಕ್ಕೆ ಆಗುವುದಿಲ್ಲ. ಯಾರ ಗದ್ದೆ, ಯಾವ ಕೆರೆ ಅಗೆಯುತ್ತಾರೆ? ದಿನಾ ಸಂಜೆ ಕಸದ ಮೇಲೆ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು ಅಂದಿತ್ತು 2016ರ ನಿಯಮ. ಜುಲೈನಲ್ಲಿ ಆ ಮಣ್ಣು ಕೆಸರಾಗಿ ಹಳ್ಳಕ್ಕೆ ಹೋಗದಂತೆ ಏನು ಮಾಡುತ್ತಾರೆ?

ಲಾರಿಗಳು. 150 ಟನ್ ಅಂದರೆ ಹತ್ತು ಟನ್ನಿನ 15 ಲಾರಿ, ಹೋಗಿ ಬಂದು ದಿನಕ್ಕೆ 30 ಸಲ. ಶಾಲೆ ಬಿಡುವ ಹೊತ್ತು, ಹಳೆಯ ಸೇತುವೆ, ತಿರುವಿನಲ್ಲಿ ಸುರಿಯುವ ರಸ, ರಸ್ತೆ ಅಗಲ ಮಾಡಲು ಕಡಿಯುವ ಮರ, ಎಲ್ಲವನ್ನೂ ಲೆಕ್ಕಕ್ಕೆ ತನ್ನಿ.

ಇನ್ನು ದುಡ್ಡು. ಕಂಪನಿಗೆ ಆದಾಯ ಬರುವುದು ಕಸ ಬರುತ್ತಿರುವಷ್ಟು ದಿನ. ಗುಂಡಿ ತುಂಬಿದ ದಿನ ಆದಾಯ ನಿಲ್ಲುತ್ತದೆ, ರಸ ನಿಲ್ಲುವುದಿಲ್ಲ. ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಅಂದಿದ್ದವು 2016ರ ನಿಯಮಗಳು. ಪಂಪಿಗೆ ಕರೆಂಟ್, ಶುದ್ಧೀಕರಣ ಘಟಕಕ್ಕೆ ಆಳು, ನೀರಿನ ಪರೀಕ್ಷೆ, ಮೇಲ್ಪದರದ ರಿಪೇರಿ, ಇದಕ್ಕೆಲ್ಲ ಯಾರು ಕೊಡುತ್ತಾರೆ? ಪ್ರತಿ ಯೋಜನೆಗೂ ಒಂದು ಪುಟ್ಟ ಕಂಪನಿ ಹುಟ್ಟುಹಾಕುವುದು ಈ ವ್ಯವಹಾರದಲ್ಲಿ ರೂಢಿ. ಅದರ ಬಂಡವಾಳ ಒಂದೆರಡು ಲಕ್ಷ ಇರಬಹುದು. ಅದು ಬಾಗಿಲು ಹಾಕಿದರೆ ಕಸ ಗ್ರಾಮ ಪಂಚಾಯಿತಿಯ ತಲೆಗೆ. ಹಾಗಾಗಿ ಮೂಲ ಕಂಪನಿಯೇ ಬರೆದುಕೊಡುವ ಖಾತರಿ ಬೇಕು. ಪ್ರತಿ ಟನ್‌ಗೆ ಇಷ್ಟು ಅಂತ ಮೊದಲ ದಿನದಿಂದಲೇ ಎಸ್ಕ್ರೋ ಖಾತೆಗೆ, ಅಂದರೆ ಕಂಪನಿ ತಾನೇ ಕೈಹಾಕಲಾಗದ ಖಾತೆಗೆ, ಬೀಳಬೇಕು. ಆ ಹಣ ಮುಚ್ಚಿದ ನಂತರದ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹೋಗಬಾರದು. ಬಾವಿ ಕೆಟ್ಟರೆ ಬದಲಿ ನೀರು ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಅನ್ನುವುದೂ ಒಪ್ಪಂದದಲ್ಲಿರಲಿ.

ಐದು ವರ್ಷ ಉಚಿತ ಅನ್ನುವುದು ನನಗೆ ಆಸೆ ತೋರಿಸುವ ಮಾತಾಗಿ ಕಾಣುತ್ತದೆ. ನಿಮ್ಮ ಐದು ಟನ್ ಅವರಿಗೆ ಏನೂ ಅಲ್ಲ. ಆರನೇ ವರ್ಷದ ದರ ಎಷ್ಟು? ಇಂತಿಷ್ಟು ಕಸ ಕೊಡಲೇಬೇಕು, ಕೊಡದಿದ್ದರೂ ಹಣ ಕಟ್ಟಬೇಕು ಅನ್ನುವ ಷರತ್ತು ಒಳಗೆ ಇದೆಯಾ? ಅಂಥದ್ದು ಇದ್ದರೆ ನೀವು ಕಸ ಕಡಿಮೆ ಮಾಡಿದಷ್ಟೂ ನಿಮಗೇ ನಷ್ಟ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ 2012ರಲ್ಲಿ ಮುಚ್ಚಿತು, ಮಂಡೂರು 2014ರ ಕೊನೆಗೆ. ಎರಡು ಕಡೆಯೂ ಕಸ ಬರುವುದು ನಿಂತಿತು, ಗುಡ್ಡ ಅಲ್ಲೇ ಉಳಿಯಿತು. ಅಲ್ಲಿಯ ಜನ ವರ್ಷಗಟ್ಟಲೆ ಹೋರಾಡಿದ್ದು ತಮ್ಮದಲ್ಲದ, ನಗರದ ಕಸದ ವಿರುದ್ಧ. ನಿಮ್ಮಲ್ಲೂ ಹಾಗೆಯೇ. ಜಾಗ ನಿಮ್ಮ ಪಟ್ಟಣದ ಗಡಿಯೊಳಗೆ ಇಲ್ಲ, ಪಕ್ಕದ ಗ್ರಾಮ ಪಂಚಾಯಿತಿಯಲ್ಲಿದೆ. ಉಚಿತ ನಿಮಗೆ, ಬಾವಿ ಅವರದು. ನಿಮ್ಮ ಸಭೆಗಿಂತ ಮೊದಲು ಅವರ ಗ್ರಾಮಸಭೆ ನಡೆಯಲಿ. ಅವರು ಒಪ್ಪದೆ ನೀವು ಒಪ್ಪುವುದು ನ್ಯಾಯ ಅಲ್ಲ.

ಕಂಪನಿಯ ಹಿಂದಿನ ಕೆಲಸ ನೋಡಬೇಕಾದರೆ ಅವರು ನಡೆಸುತ್ತಿರುವ ಇನ್ನೊಂದು ಲ್ಯಾಂಡ್‌ಫಿಲ್‌ಗೆ ಆಗಸ್ಟ್‌ನಲ್ಲಿ ಹೋಗಿ. ಅವರು ಕರೆದುಕೊಂಡು ಹೋಗುವ ದಿನ ಬೇಡ, ನೀವೇ ಹೋಗಿ. ಗೇಟಿನೊಳಗೆ ಬಿಡದಿದ್ದರೂ ಪರವಾಗಿಲ್ಲ. ಕೆಳಗಿನ ಹಳ್ಳದ ಬಣ್ಣ ನೋಡಿ, ಕೆಳಗಿನ ಮನೆಯವರನ್ನು ಮಾತಾಡಿಸಿ, ರಾತ್ರಿ ವಾಸನೆ ಹೇಗಿರುತ್ತದೆ ಕೇಳಿ.

ಕಾನೂನಿನ ದಾರಿಯೂ ಗೊತ್ತಿರಲಿ. ಹಲವು ಊರಿನ ಕಸ ಹಾಕುವ ಘಟಕಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪರಿಸರ ಅನುಮತಿ ಬೇಕು. ಅದಕ್ಕೂ ಮೊದಲು ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ಕನ್ನಡದಲ್ಲಿ ಸಾರಾಂಶ, ಡಿಸಿ ಅಥವಾ ಎಡಿಸಿ ದರ್ಜೆಯವರ ಅಧ್ಯಕ್ಷತೆ, ಪೂರ್ತಿ ವಿಡಿಯೊ ಚಿತ್ರೀಕರಣ. ಹೇಳಿದ್ದನ್ನೆಲ್ಲ ಬರೆದುಕೊಂಡು ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು. ಬಿಟ್ಟುಹೋದ ಮಾತನ್ನು ಅಲ್ಲೇ ಸೇರಿಸಿ. ಘೋಷಣೆಗಿಂತ ಬಾವಿಯ ಅಂಕಿ, ಗುಂಡಿಯ ಫೋಟೊ, ಮಳೆಯ ಪುಸ್ತಕ ಹೆಚ್ಚು ಕೆಲಸ ಮಾಡುತ್ತವೆ. ಅನುಮತಿ ಕೊಟ್ಟೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ. ಸಕಾರಣ ಇದ್ದರೆ ಇನ್ನೂ 60 ದಿನ. ಅದು ದಾಟಿದರೆ ದಾರಿ ಮುಚ್ಚಿತು. ಇದಲ್ಲದೆ ಘಟಕ ನಡೆಸುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು.

ಈಗ ನಿಮ್ಮ ಊರಿನ ಐದು ಟನ್. "ನಮ್ಮ ಕಸಕ್ಕೂ ದಾರಿ ಬೇಕಲ್ಲ" ಅಂದವರ ಮಾತು ಸರಿ ಇದೆ. ಬೇಡ ಅಂದವರು ಅವರಿಗೆ ಉತ್ತರ ಕೊಡಲೇಬೇಕು. ಆ ಐದರಲ್ಲಿ ಅರ್ಧ ಹಸಿ ಕಸ. ಸುತ್ತ ತೋಟ ಇರುವ ಊರಿನಲ್ಲಿ ಗೊಬ್ಬರಕ್ಕೆ ಗಿರಾಕಿ ಹುಡುಕಬೇಕಾ? ಮನೆ ಬಾಗಿಲಲ್ಲೇ ಬೇರೆ ಮಾಡಿ ತೆಗೆದುಕೊಂಡರೆ ಒಣ ಕಸದಲ್ಲಿ ಬಹಳಷ್ಟು ಮಾರಾಟವಾಗುತ್ತದೆ. ಕಾರ್ಕಳದ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುತ್ತಾರೆ, ಹೋಗಿ ನೋಡಿ ಬನ್ನಿ. ಕೊನೆಗೆ ಡೈಪರ್, ಹೊಗೆಸೊಪ್ಪಿನ ಪೊಟ್ಟಣ, ಒಡೆದ ಪಿಂಗಾಣಿ, ಗುಡಿಸಿದ ಮಣ್ಣು ಇಂಥದ್ದು ದಿನಕ್ಕೆ ಒಂದು ಟನ್ ಆಸುಪಾಸು ಉಳಿಯಬಹುದು. ಇದಕ್ಕೆ 40 ಎಕರೆ ಬೇಕಿಲ್ಲ. ನಾಲ್ಕಾರು ಪಟ್ಟಣಗಳು ಸೇರಿ, ಮಳೆ ಕಡಿಮೆ ಇರುವ ಕಡೆ, ನೀರು ಆಳದಲ್ಲಿರುವ ಕಡೆ, ಸಣ್ಣದೊಂದು ಲ್ಯಾಂಡ್‌ಫಿಲ್ ಹಂಚಿಕೊಳ್ಳಬಹುದು. ಅಲ್ಲಿಯ ಜನಕ್ಕೂ ಇದೇ ಪರೀಕ್ಷೆ, ಇದೇ ಗ್ರಾಮಸಭೆ, ಇದೇ ಎಸ್ಕ್ರೋ ಖಾತೆ ಇರಬೇಕು. ನಮಗೆ ಬೇಡವಾದದ್ದನ್ನು ಬಯಲಿನವರ ತಲೆಗೆ ಕಟ್ಟುವ ಹಾಗಿಲ್ಲ.

ಸದ್ಯಕ್ಕೆ ಠರಾವಿನ ಕರಡು ಸಿದ್ಧಮಾಡಿ, ಪಕ್ಕದ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಕಂಡು ಮಾತಾಡಿ, ಜಾಗದ ಕೆಳಗಿನ ಬಾವಿಗಳ ಪಟ್ಟಿ ಮಾಡಿ. ಕಂಪನಿಯ ವರದಿ ಕೈಗೆ ಬಂದ ಮೇಲೆ ಅದರಲ್ಲಿ ಬೋರ್ ಹೊಡೆದ ತಾರೀಕು, ನೀರಿನ ಮಟ್ಟ, ಮಳೆಮಾಪಕದ ಹೆಸರು ಇರುವ ಪುಟಗಳನ್ನು ನನಗೆ ಕಳಿಸಿ. ಓದಿ, ಏನು ಬಿಟ್ಟಿದ್ದಾರೆ ಅಂತ ಬರೆಯುತ್ತೇನೆ.